ಕಾರು ಮಾರುವ ಕೆಲಸಕ್ಕೆ ಹೊರಡುವ ಮುನ್ನ

(ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಬೆಳಗಿನ ಕೆಲಸ ಮುಗಿಸಿ, ಮಧ್ಯಾಹ್ನ ಎರಡು ಗಂಟೆ ಮಲಗುವ ಹೊತ್ತನ್ನು ಬಿಟ್ಟು ನೀವು ಬಂದಿದ್ದೀರಿ. ಆ ಎರಡು ಗಂಟೆಯ ಬೆಲೆ ಹೋಟೆಲಿನಲ್ಲಿ ದುಡಿದವನಿಗೆ ಮಾತ್ರ ಗೊತ್ತು. ಆದುದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ಕಾರು ಮಾರಾಟದ ಉದ್ಯೋಗವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದರು. ನಾನು ಮೊದಲು ಟೇಬಲ್ ಒರೆಸಿ, ಸಪ್ಲೈ ಮಾಡಿ, ಆಮೇಲೆ ಹಲವು ವರ್ಷ ಕಾರು ಮಾರಿದವನು. ಅದಕ್ಕಾಗಿಯೇ ಈ ಕೆಲಸ ನನ್ನ ಪಾಲಿಗೆ ಬಂತು. ಈಚೆಗೆ ನಮ್ಮ ತರುಣರು, ಅದರಲ್ಲೂ ರಾತ್ರಿ ಶಾಲೆಗೆ ಹೋಗಿ ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದವರು, ಬಂದು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಶೋರೂಮಿಗೆ ಹುಡುಗರು ಬೇಕಂತೆ, ಸೇರಲೇ?" ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಟೈ, ತಣ್ಣನೆಯ ಹವೆಯ ಮಳಿಗೆ, ಹತ್ತು ಲಕ್ಷದ ಮಾಲು. ಎಂಜಲು ತಟ್ಟೆ ಎತ್ತುವುದಕ್ಕಿಂತ ಕಾರಿನ ಬಾಗಿಲು ತೆರೆದು ಹಿಡಿಯುವುದು ಮೇಲಲ್ಲವೆ ಎಂದು ಅವರ ಮನಸ್ಸು ಹೇಳುತ್ತದೆ. ಹಾಗೆ ಹೇಳುವುದು ತಪ್ಪೂ ಅಲ್ಲ.

ನನ್ನ ಉತ್ತರ ಎರಡು ಮಾತಿನದು. ಸೇರಬಹುದು. ಆದರೆ ಕಮಿಷನ್ ಎಷ್ಟು ಎಂದು ಕೇಳುವ ಮೊದಲು, ಒಂದು ಕಾರೂ ಮಾರದ ತಿಂಗಳಲ್ಲಿ ಕೈಗೆ ಬರುವುದೆಷ್ಟು ಎಂದು ಕೇಳಿ. ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಇದನ್ನು ಹೇಳಲು ಮಾರ್ಕೆಟ್ ಯಾರ್ಡಿಗಿಂತ ತಕ್ಕ ಜಾಗ ಪುಣೆಯಲ್ಲಿ ಇನ್ನೊಂದಿಲ್ಲ. ನಮ್ಮ ಹೋಟೆಲುಗಳ ಈರುಳ್ಳಿ, ಬಟಾಟೆ, ತೆಂಗಿನಕಾಯಿ, ಬ್ಯಾಡಗಿ ಮೆಣಸು ಎಲ್ಲ ಇಲ್ಲಿಂದಲೇ ಹೋಗುವುದು. ಈ ಗುಲ್‌ಟೇಕಡಿಯ ಪೇಟೆ ನಡೆಯುವುದೇ ಕಮಿಷನ್ನಿನ ಮೇಲೆ. ರೈತನ ಮಾಲು ಬರುತ್ತದೆ, ಹಮಾಲ ಇಳಿಸುತ್ತಾನೆ, ತೂಗುವವನು ತೂಗುತ್ತಾನೆ, ಅಡತ್ಯ ಮಾರಿಕೊಡುತ್ತಾನೆ. ಕೊನೆಗೆ ರೈತನ ಕೈಗೆ ಒಂದು ಪಟ್ಟಿ ಬರುತ್ತದೆ. ಇಷ್ಟು ಚೀಲ, ಇಷ್ಟು ತೂಕ, ಈ ದರ, ಇಷ್ಟು ಹಮಾಲಿ, ಇಷ್ಟು ತೋಲಾಯಿ, ಉಳಿದದ್ದು ಇಷ್ಟು. ಮೊದಲು ಅಡತವನ್ನೂ ಈ ಪಟ್ಟಿಯಲ್ಲೇ ಕಳೆಯುತ್ತಿದ್ದರು. 2016ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರ ಹಣ್ಣು ತರಕಾರಿಯ ಮಟ್ಟಿಗೆ ಅದನ್ನು ರೈತನ ತಲೆಯಿಂದ ತೆಗೆದು ಕೊಳ್ಳುವವನ ಮೇಲೆ ಹೊರಿಸಿತು. ಎಷ್ಟು ಗಲಾಟೆ ಆಯಿತು ಎಂಬುದು ಇಲ್ಲಿಯ ಹಳಬರಿಗೆ ನೆನಪಿರಬೇಕು. ಕಮಿಷನ್ ಎಂದರೆ ಹಾಗೆ. ಅದು ಯಾರ ಕಿಸೆಯಿಂದ ಬರುತ್ತದೆ, ಯಾವಾಗ ಬರುತ್ತದೆ, ಯಾರು ಬರೆದಿಡುತ್ತಾರೆ ಎಂಬುದರ ಮೇಲೆ ಮನೆಗಳು ಏಳುತ್ತವೆ, ಬೀಳುತ್ತವೆ.

ಕಾರು ಮಾರುವವನು ಎಂಬ ಮನುಷ್ಯ ನಮ್ಮ ದೇಶದಲ್ಲಿ ಬಹಳ ಹಳಬನಲ್ಲ. ನಮ್ಮ ಹಿರಿಯರು ಮುಂಬಯಿ ಪುಣೆಗಳಿಗೆ ಬಂದ ಕಾಲದಲ್ಲಿ ಇದ್ದದ್ದು ಅಂಬಾಸಿಡರ್, ಫಿಯಟ್, ಸ್ಟಾಂಡರ್ಡ್ ಎಂಬ ಮೂರು ಹೆಸರು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸ್ಕೂಟರಿಗೂ ಅದೇ ಗತಿ. ಮಾಲಿಗಾಗಿ ಗಿರಾಕಿ ಸಾಲು ನಿಂತಿರುವಾಗ ಮಾರುವವನಿಗೆ ಏನು ಕೆಲಸ? ಚೀಟಿ ಬರೆಯುವ ಗುಮಾಸ್ತ ಸಾಕಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲವಾಯಿತು. 1998ರ ಕೊನೆಗೆ ಟಾಟಾದವರು ಇಂಡಿಕಾ ತಂದರು. ಅದು ಇಲ್ಲೇ ಪಿಂಪರಿಯಲ್ಲಿ ತಯಾರಾಯಿತು. 2009ರಲ್ಲಿ ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ತೆರೆಯಿತು. ಮಾಲು ಹೆಚ್ಚಿತು, ಕಂಪನಿಗಳು ಹೆಚ್ಚಿದವು, ಗಿರಾಕಿ ಕುಳಿತ, ಮಾರುವವನು ನಿಂತ. ಆಗ ಹುಟ್ಟಿದ್ದು ಈ ಉದ್ಯೋಗ. ಅಂದರೆ ಗಿರಣಿಯ ನೇಕಾರನಿಗೂ ಹೋಟೆಲಿನ ಭಟ್ಟರಿಗೂ ಇದ್ದಂತಹ ಹಳೆಯ ಸಂಪ್ರದಾಯ, ಹಳೆಯ ಸಂಘ, ಹಳೆಯ ಕರಾರು ಯಾವುದೂ ಇದರ ಹಿಂದೆ ಇಲ್ಲ. ಪ್ರತಿಯೊಬ್ಬನೂ ಒಂಟಿಯಾಗಿ ಒಳಗೆ ಹೋಗುತ್ತಾನೆ.

ಕೆಲಸ ಏನು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಮಳಿಗೆಗೆ ಬಂದವರನ್ನು ಕೂಡ್ರಿಸಿ ಮಾತಾಡಿಸಬೇಕು, ಅವರ ಹೆಸರು ನಂಬರು ಬರೆದುಕೊಳ್ಳಬೇಕು, ಕಾರು ಓಡಿಸಿ ತೋರಿಸಬೇಕು, ಬೆಲೆಯ ವಿವರ ಕೊಡಬೇಕು, ಸಾಲದ ಕಾಗದ ಬ್ಯಾಂಕಿಗೆ ಒಯ್ಯಬೇಕು, ವಿಮೆ ಮಾಡಿಸಬೇಕು, ಆರ್‌ಟಿಓ ನೋಂದಣಿ ಮುಗಿಸಬೇಕು, ಹಾರ ಹಾಕಿ ತೆಂಗಿನಕಾಯಿ ಇಟ್ಟು ಕೀಲಿ ಕೈಗೆ ಕೊಡಬೇಕು. ಬಾರದವರಿಗೆ ಫೋನು ಮಾಡಬೇಕು. ಬೈದರೂ ಮತ್ತೆ ಮಾಡಬೇಕು. ದಿನದ ಬಹುಪಾಲು ಹೋಗುವುದು ಈ ಫೋನಿನಲ್ಲೇ. ಈಗ ಹೆಣ್ಣುಮಕ್ಕಳೂ ಈ ಕೆಲಸದಲ್ಲಿದ್ದಾರೆ. ನಮ್ಮ ಮನೆಗಳ ಓದಿದ ಹುಡುಗಿಯರು ಕೇಳಿದರೆ ಬೇಡವೆನ್ನಬೇಡಿ.

ಇದರಲ್ಲಿ ನಮ್ಮ ಹೋಟೆಲಿನ ಹುಡುಗ ಯಾರಿಗೂ ಹಿಂದೆ ಬೀಳುವವನಲ್ಲ. ನಾಲ್ಕು ಟೇಬಲಿನ ಹದಿನಾರು ಜನರ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿ ಇಟ್ಟುಕೊಂಡವನು ಅವನು. ದಿನಾ ಬರುವ ಗಿರಾಕಿಗೆ ಸಕ್ಕರೆ ಕಡಿಮೆಯೋ, ಚಟ್ನಿ ಹೆಚ್ಚೋ ಕೇಳದೆ ತಿಳಿದವನು. ಸಿಟ್ಟಾದವನ ಮುಂದೆ ಮುಖ ಗಂಟಿಕ್ಕದೆ ನಿಂತವನು. ಮನೆಯಲ್ಲಿ ತುಳುವೋ ಕನ್ನಡವೋ, ರಸ್ತೆಯಲ್ಲಿ ಮರಾಠಿ, ಟೇಬಲಿನ ಬಳಿ ಹಿಂದಿ, ಕಾಲೇಜು ಹುಡುಗರ ಜತೆ ಸ್ವಲ್ಪ ಇಂಗ್ಲಿಷು, ಹೀಗೆ ನಾಲ್ಕು ಭಾಷೆ ನಾಲಗೆಯ ಮೇಲಿವೆ. ಗಿರಣಿಯಲ್ಲಿ ಯಂತ್ರದೊಡನೆ ಪಳಗಿದವನಿಗೆ ಎಂಜಿನ್ನು, ಗೇರು, ಬ್ರೇಕು ವಿವರಿಸುವುದು ಕಷ್ಟವಲ್ಲ. ಅವನ ಬಾಯಿಂದ ಬಂದರೆ ಗಿರಾಕಿ ನಂಬುತ್ತಾನೆ ಸಹ.

ಅಮೆರಿಕದ ಡೆಟ್ರಾಯಿಟ್ ಪ್ರಾಂತದಲ್ಲಿ ಜೋ ಜಿರಾರ್ಡ್ ಎಂಬವನಿದ್ದ. ಬಡವರ ಮನೆಯ ಹುಡುಗ, ಚಿಕ್ಕಂದಿನಲ್ಲಿ ಬೂಟು ಪಾಲಿಶು ಮಾಡಿದವನು. 1963ರಿಂದ 1978ರ ವರೆಗೆ ಶೆವ್ರೊಲೆ ಕಾರುಗಳನ್ನು ಒಂದೊಂದಾಗಿ ಚಿಲ್ಲರೆಯಾಗಿ 13,001 ಮಾರಿದ. 1973 ಒಂದೇ ವರ್ಷದಲ್ಲಿ 1,425. ಗಿನ್ನೆಸ್ ಪುಸ್ತಕದವರು ಅವನ ಹೆಸರು ಬರೆದುಕೊಂಡರು. ಅವನ ಗುಟ್ಟು ಏನು ಗೊತ್ತೆ? ಕಾರು ಕೊಂಡ ಪ್ರತಿಯೊಬ್ಬರಿಗೂ ತಿಂಗಳಿಗೊಂದು ಶುಭಾಶಯದ ಕಾಗದ ಕಳಿಸುತ್ತಿದ್ದ. ಮಾರಿದ ಮೇಲೂ ಗುರುತು ಇಟ್ಟುಕೊಳ್ಳುವುದು, ಅಷ್ಟೆ. ಇದನ್ನು ನಮ್ಮ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತವರು ಕಾಗದವಿಲ್ಲದೆ ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ.

ಆದುದರಿಂದ ಯೋಗ್ಯತೆಯ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿರುವುದು ಲೆಕ್ಕದ ಬಗ್ಗೆ.

ಒಂದು ಲೆಕ್ಕ ಮಾಡೋಣ. ಇವು ತಿಳಿಯಲೆಂದು ನಾನೇ ಇಟ್ಟ ಅಂಕಿಗಳು, ಯಾವ ಮಳಿಗೆಯವೂ ಅಲ್ಲ. ಮೂಲ ಸಂಬಳ 14,000 ರೂಪಾಯಿ. ತಿಂಗಳಿಗೆ ಐದು ಕಾರಿನ ಗುರಿ. ಗುರಿ ಮುಟ್ಟಿದರೆ ಕಾರೊಂದಕ್ಕೆ 2,000. ಐದು ಮಾರಿದವನಿಗೆ 24,000 ಬಂತು. ನಾಲ್ಕು ಮಾರಿದವನಿಗೆ ಎಷ್ಟು? 22,000 ಎಂದು ನೀವು ಹೇಳುತ್ತೀರಿ. ಅಲ್ಲ, 14,000. ಗುರಿ ಮುಟ್ಟದಿದ್ದರೆ ನಾಲ್ಕು ಕಾರಿಗೂ ಸೊನ್ನೆ. ಹೀಗೆ ಮೆಟ್ಟಿಲು ಕಟ್ಟಿ ಕಮಿಷನ್ ಕೊಡುವ ಪದ್ಧತಿ ಈ ವ್ಯಾಪಾರದಲ್ಲಿ ಸಾಮಾನ್ಯ. ಒಂದು ಕಾರಿನ ಅಂತರಕ್ಕೆ ಹತ್ತು ಸಾವಿರದ ಅಂತರ. ಇನ್ನು, ಕಾರು "ಮಾರಿತು" ಎನ್ನುವುದು ಯಾವಾಗ? ಗಿರಾಕಿ ಮುಂಗಡ ಕೊಟ್ಟಾಗಲೋ, ಬಿಲ್ಲು ಆದಾಗಲೋ, ನೋಂದಣಿ ಆಗಿ ಕೀಲಿ ಕೊಟ್ಟಾಗಲೋ? ಬ್ಯಾಂಕಿನವರು ಸಾಲ ಮಂಜೂರು ಮಾಡಲು ನಾಲ್ಕು ದಿನ ತಡಮಾಡಿದರೆ ನಿಮ್ಮ ಐದನೆಯ ಕಾರು ಮುಂದಿನ ತಿಂಗಳಿಗೆ ಜಾರುತ್ತದೆ, ಅದರೊಡನೆ ನಿಮ್ಮ ಹತ್ತು ಸಾವಿರವೂ ಜಾರುತ್ತದೆ. ಎಷ್ಟೋ ಕಡೆ ವಿಮೆ, ಸೀಟಿನ ಹೊದಿಕೆ, ಮತ್ತಿತರ ಬಿಡಿಸಾಮಾನುಗಳಿಗೂ ಬೇರೆ ಗುರಿ ಇರುತ್ತದೆ. ಗಿರಾಕಿ ವಿಮೆಯನ್ನು ಹೊರಗಡೆ ಮಾಡಿಸಿಕೊಂಡರೆ ನಿಮ್ಮ ಕಮಿಷನ್ ಕಡಿತ. ಗಿರಣಿಯ ಹಳೆಯ ಮಿತ್ರರು ಬದಲಿ ಕೆಲಸಗಾರನ ಸಂಕಟ ಬಲ್ಲರು. ಬಾಗಿಲಿಗೆ ಬಂದು ನಿಂತರೂ ಇವತ್ತು ಕೆಲಸ ಉಂಟೋ ಇಲ್ಲವೋ ತಿಳಿಯದು. ಕಾರು ಮಾರುವವನು ಟೈ ಕಟ್ಟಿದ ಬದಲಿ.

ಈಗ ಇದರ ಪಕ್ಕದಲ್ಲಿ ಹೋಟೆಲಿನ ಲೆಕ್ಕ ಇಡಿ. ಹೋಟೆಲಿನಲ್ಲಿ 16,000 ಸಂಬಳ ಎಂದುಕೊಳ್ಳಿ. ಊಟ, ತಿಂಡಿ, ಚಹ, ಮಲಗುವ ಜಾಗ ಯಜಮಾನರದು. ಜಾಗ ಎಂತಹದೆಂದು ನನಗೂ ಗೊತ್ತು. ಹತ್ತು ಜನರ ಕೋಣೆ, ಒಂದು ನಲ್ಲಿ, ತಗಣೆ ಬೇರೆ. ಆದರೂ ಬಾಡಿಗೆ ಇಲ್ಲ. ಮನೆಗೆ 14,000 ಕಳಿಸಬಹುದು. ಹೊರಗೆ ಬಂದ ದಿನವೇ ಕೋಣೆಯ ಪಾಲು, ಖಾನಾವಳಿ, ಪೆಟ್ರೋಲು, ಬೂಟು, ಫೋನು ಎಲ್ಲ ನಿಮ್ಮದಾಗುತ್ತದೆ. ಇವಕ್ಕೆ 11,000 ಹಿಡಿಯಿರಿ. ಪುಣೆಯಲ್ಲಿ ಅದೇನೂ ಹೆಚ್ಚಲ್ಲ. ಐದು ಕಾರು ಮಾರಿದ ತಿಂಗಳಲ್ಲಿ ಉಳಿಯುವುದು 13,000. ನಾಲ್ಕು ಮಾರಿದ ತಿಂಗಳಲ್ಲಿ ಉಳಿಯುವುದು 3,000. ಊರಿನಲ್ಲಿ ತಾಯಿಯ ಔಷಧಿಗೂ ತಂಗಿಯ ಶಾಲೆಗೂ ಕಾಯುವವರಿಗೆ ಈ ವ್ಯತ್ಯಾಸ ಹೇಗೆ ವಿವರಿಸುತ್ತೀರಿ? ಸಂಬಳದ ಅಂಕಿ ದೊಡ್ಡದಾಯಿತೆಂದು ಸಂತೋಷಪಡುವ ಮೊದಲು ಕೈಯಲ್ಲಿ ಉಳಿಯುವ ಅಂಕಿ ನೋಡಬೇಕು. ಹಾಗೆಂದು ಹೆದರಿ ಕೂಡಬೇಕೆಂದಲ್ಲ. ಎಂಟು ಹತ್ತು ಕಾರು ಮಾರುವ ಸಮರ್ಥರಿದ್ದಾರೆ. ಅವರು ಕೆಲವು ವರ್ಷಗಳಲ್ಲಿ ತಂಡದ ಮುಖ್ಯಸ್ಥರಾಗುತ್ತಾರೆ, ಮ್ಯಾನೇಜರಾಗುತ್ತಾರೆ. ಅಲ್ಲಿಯವರೆಗೆ ನಿಲ್ಲುವ ಶಕ್ತಿ ಬೇಕು. ಮೊದಲ ಆರು ತಿಂಗಳಿಗೆ ಬೇಕಾದ ಖರ್ಚನ್ನು ಬ್ಯಾಂಕಿನಲ್ಲಿ ಕೂಡಿಟ್ಟುಕೊಂಡು ಹೊರಡಿ ಎಂದು ನಾನು ಹೇಳುವುದು ಇದಕ್ಕೇ.

ತಿಂಗಳು ತಿಂಗಳಿಗೂ ಒಂದೇ ಅಲ್ಲ. ಗುಡಿ ಪಾಡ್ವ, ಅಕ್ಷಯ ತೃತೀಯ, ದಸರಾ, ಧನತ್ರಯೋದಶಿಗೆ ಊಟಕ್ಕೂ ಬಿಡುವಿರದು. ಪಿತೃಪಕ್ಷದ ಹದಿನೈದು ದಿನ ಮಳಿಗೆಯಲ್ಲಿ ನೊಣ ಹೊಡೆಯಬೇಕು. 2025ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಜಿಎಸ್‌ಟಿ ಇಳಿಯುತ್ತದೆ ಎಂದು ಆಗಸ್ಟ್ 15ರಂದು ಪ್ರಧಾನಿಯವರು ಸೂಚಿಸಿದರು. ಕೊಳ್ಳಬೇಕೆಂದಿದ್ದವರೆಲ್ಲ ಕೈಕಟ್ಟಿ ಕೂತರು. ಮೇಲಿಂದ ಪಿತೃಪಕ್ಷ ಬಂತು. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ತೆರಿಗೆ 28ರಿಂದ 18ಕ್ಕೆ ಇಳಿಯಿತು, ಅದೇ ದಿನ ನವರಾತ್ರಿ ಪ್ರಾರಂಭ. ಆಮೇಲೆ ಜನ ನುಗ್ಗಿದರು. ಮಾರುವವನ ಜಾಣ್ಮೆ ಆಗಸ್ಟಿನಲ್ಲಿ ಕಡಿಮೆಯಾಗಿರಲಿಲ್ಲ, ಅಕ್ಟೋಬರಿನಲ್ಲಿ ಹೆಚ್ಚಲೂ ಇಲ್ಲ. ದಿಲ್ಲಿಯಲ್ಲಿ ಆದ ಒಂದು ನಿರ್ಣಯಕ್ಕೆ ಅವನ ಊಟದ ತಟ್ಟೆ ಮೇಲೆ ಕೆಳಗೆ ಆಯಿತು. ಇದಕ್ಕಾಗಿಯೇ ಸೇರುವಾಗ ಒಂದು ಒಳ್ಳೆಯ ತಿಂಗಳ ಅಂಕಿ ಹೇಳಿದರೆ ಒಪ್ಪಬೇಡಿ. ಅಲ್ಲಿ ಕೆಲಸ ಮಾಡುವ ಸಾಮಾನ್ಯ ಹುಡುಗನೊಬ್ಬನನ್ನು ಹೊರಗೆ ಚಹಕ್ಕೆ ಕರೆದು ಹನ್ನೆರಡು ತಿಂಗಳ ಲೆಕ್ಕ ಕೇಳಿ.

ಈಗ ಈ ಯಾರ್ಡಿನ ಹಮಾಲರ ಕಡೆ ನೋಡಿ. ಇಲ್ಲಿ ಡಾಕ್ಟರ್ ಬಾಬಾ ಆಢಾವರು ಹಮಾಲ ಪಂಚಾಯತ್ ಕಟ್ಟಿದರು. ಹೊರೆ ಹೊರುವವನಿಗೆ ಯಾವ ಯಜಮಾನ, ಯಾವ ಸಂಬಳ ಎಂದು ನಗುತ್ತಿದ್ದ ಕಾಲ ಅದು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಹಮಾಲರ ಕಾನೂನು ಆಯಿತು. ಅದರ ಪ್ರಕಾರ ಕೂಲಿಯನ್ನು ವ್ಯಾಪಾರಿ ಮಂಡಳಿಗೆ ಕಟ್ಟುತ್ತಾನೆ, ಮೇಲೆ ಲೆವಿ ಎಂದು ಇನ್ನಷ್ಟು ಕಟ್ಟುತ್ತಾನೆ. ಕೂಲಿ ಮಂಡಳಿಯಿಂದ ಹಮಾಲನಿಗೆ ಬರುತ್ತದೆ, ಲೆವಿಯಿಂದ ಅವನ ಭವಿಷ್ಯನಿಧಿ, ಗ್ರಾಚ್ಯುಯಿಟಿ ನಡೆಯುತ್ತದೆ. ಎಲ್ಲವೂ ಸರಿಯಾಗಿದೆ ಎಂದು ಹೇಳುವುದಿಲ್ಲ; ಹಮಾಲ ಮಿತ್ರರ ತಕರಾರುಗಳು ಅವರಿಗೇ ಗೊತ್ತು. ಆದರೆ ಹೊತ್ತ ಹೊರೆಗೆ ದಾಖಲೆ ಉಂಟು. ಈ ಗೇಟಿನ ಹೊರಗೆ ಹತ್ತು ಲಕ್ಷದ ಕಾರು ಮಾರುವ ಹುಡುಗ, ಕಳೆದ ತಿಂಗಳ ಕಮಿಷನ್ ಎಷ್ಟು ಬರಬೇಕೆಂದು ಕೇಳಿದರೆ, "ಸಾಹೇಬರು ನೋಡಿ ಹೇಳುತ್ತೇನೆ ಅಂದಿದ್ದಾರೆ" ಎನ್ನುತ್ತಾನೆ. ಈ ಇಬ್ಬರಲ್ಲಿ ಗಟ್ಟಿ ನೆಲದ ಮೇಲೆ ನಿಂತವನು ಯಾರು?

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಗಮನವಿಟ್ಟು ಕೇಳಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಸಂಘಗಳ ಆಕ್ಷೇಪಗಳು ಬೇಕಾದಷ್ಟಿವೆ. ಅದು ಇನ್ನೊಂದು ದಿನದ ಭಾಷಣ. ಈಗ ಬೇಕಾದ ಮಾತು ಇದು. ವೇತನ ಸಂಹಿತೆಯಲ್ಲಿ "ವೇತನ" ಎಂದರೆ ಏನು ಎಂದು ಬರೆಯುವಾಗ ಕಮಿಷನ್ನನ್ನು ಅದರ ಹೊರಗೆ ಇಟ್ಟಿದ್ದಾರೆ. ಹೊರಗಿಟ್ಟ ಬಾಬುಗಳೆಲ್ಲ ಸೇರಿ ಒಟ್ಟು ಗಳಿಕೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಮಾತ್ರ ಮತ್ತೆ ವೇತನದೊಳಗೆ ಸೇರುತ್ತದೆ. ಇದರ ಅರ್ಥವೇನು? ಗ್ರಾಚ್ಯುಯಿಟಿಯಂತಹವನ್ನು ಲೆಕ್ಕ ಹಾಕುವುದು ಮುಖ್ಯವಾಗಿ ಮೂಲ ಸಂಬಳದ ಮೇಲೆ. ಕಮಿಷನ್ ಎಷ್ಟು ಬಂದರೂ ಅದು ಹೋಟೆಲಿನ ಟಿಪ್ಸಿನ ಹಾಗೆ; ಕೈಗೆ ಬಂದರೆ ಬಂತು, ಮುಪ್ಪಿಗೆ ಆಗುವುದು ಸ್ವಲ್ಪ. ಹೀಗಿರಲು ಮೂಲ ಸಂಬಳವನ್ನು ಅಲಕ್ಷಿಸಿ ಕಮಿಷನ್ನಿಗೆ ಚೌಕಾಶಿ ಮಾಡುವವನು ಬುಡ ಬಿಟ್ಟು ತುದಿ ಹಿಡಿಯುತ್ತಾನೆ.

ಆದರೆ ಅದೇ ಕಾನೂನಿನಲ್ಲಿ ನಮಗೆ ಉಪಯೋಗವಾಗುವ ಮಾತುಗಳೂ ಇವೆ. ತಿಂಗಳ ವೇತನ ಮರುತಿಂಗಳ ಏಳನೆಯ ದಿನದೊಳಗೆ ಕೈಗೆ ಬರಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಬರಬೇಕಾದ ವೇತನ ಎರಡು ಕೆಲಸದ ದಿನಗಳೊಳಗೆ ಸಿಗಬೇಕು. ಓಡಿಸಿ ತೋರಿಸುವ ಕಾರಿಗೆ ಗೀರು ಬಿತ್ತೆಂದು ಸಂಬಳದಲ್ಲಿ ಹಿಡಿಯುವುದು ಹಲವರಿಗೆ ಅನುಭವಕ್ಕೆ ಬಂದಿದೆ. ನಿಮ್ಮ ಅಲಕ್ಷ್ಯದಿಂದಲೇ ನೇರವಾಗಿ ಆದ ಹಾನಿಯಾಗಿರಬೇಕು, ಹಾನಿಗಿಂತ ಹೆಚ್ಚು ಹಿಡಿಯಬಾರದು, ಹಿಡಿಯುವ ಮೊದಲು ನಿಮ್ಮ ಮಾತು ಕೇಳಬೇಕು. ಸಂಹಿತೆ ಹೇಳುವುದು ಹೀಗೆ. ಗಿರಾಕಿ ಓಡಿಸುವಾಗ ಹಿಂದಿನಿಂದ ರಿಕ್ಷಾ ಬಂದು ತಗುಲಿದರೆ ಅದು ನಿಮ್ಮ ಅಲಕ್ಷ್ಯವಲ್ಲ. ಅಂತಹದು ನಡೆದ ದಿನವೇ, ಸಮಯ ಸ್ಥಳ ಬರೆದು, ಮೇಲಿನವರಿಗೆ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ನೇಮಕಪತ್ರವಿಲ್ಲದೆ ಸೇರಬೇಡಿ. ಅದರಲ್ಲಿ ಮೂಲ ಸಂಬಳ, ಗುರಿ, ಕಮಿಷನ್ನಿನ ಮೆಟ್ಟಿಲು, ಕಾರು ಯಾವಾಗ ಮಾರಿದಂತೆ ಎಣಿಕೆ, ಕೆಲಸ ಬಿಟ್ಟ ಮೇಲೆ ಬಾಕಿ ಕಮಿಷನ್ ಸಿಗುವುದೋ ಇಲ್ಲವೋ ಇಷ್ಟೂ ಇರಲಿ. ಕೊನೆಯದೇ ಮುಖ್ಯ. ಜಗಳ ಬರುವುದು ಅಲ್ಲೇ. ಕಮಿಷನ್ನಿನ ನಿಯಮ ವಾಟ್ಸಾಪಿನಲ್ಲಿ ಬರುತ್ತದೆ, ತಿಂಗಳ ಮಧ್ಯದಲ್ಲಿ ಬದಲಾಗುತ್ತದೆ ಎಂದರೆ ಆ ಸಂದೇಶಗಳನ್ನು ಅಳಿಸದೆ ಉಳಿಸಿ. ರೈತನಿಗೆ ಪಟ್ಟಿ ಸಿಗುತ್ತದೆ. ನಿಮಗೆ ಕೊಡದಿದ್ದರೆ ನಿಮ್ಮ ಪಟ್ಟಿಯನ್ನು ನೀವೇ ಬರೆಯಿರಿ. ಒಂದು ನಾಲ್ವತ್ತು ಪುಟದ ವಹಿ ಸಾಕು. ಗಿರಾಕಿಯ ಹೆಸರು, ಮುಂಗಡದ ದಿನ, ಬಿಲ್ಲಿನ ದಿನ, ಕೀಲಿ ಕೊಟ್ಟ ದಿನ, ಬರಬೇಕಾದ ಕಮಿಷನ್, ಬಂದದ್ದು.

ಗಿರಾಕಿಗೂ ಅದೇ ಪಟ್ಟಿ ಕೊಡಬೇಕು. ಇದು ಧರ್ಮದ ಮಾತು ಎಂದು ಹೇಳುತ್ತಿಲ್ಲ, ವ್ಯಾಪಾರದ ಮಾತು. ಸಾಲದ ವಿಷಯ ತೆಗೆದುಕೊಳ್ಳಿ. ಆರು ಲಕ್ಷ ಸಾಲ, ಐದು ವರ್ಷ, ನೂರಕ್ಕೆ ಹತ್ತು ಬಡ್ಡಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 12,750. ಒಟ್ಟು ಬಡ್ಡಿ ಸುಮಾರು ಒಂದು ಲಕ್ಷ ಅರವತ್ತೈದು ಸಾವಿರ. "ಫ್ಲ್ಯಾಟ್ ಹತ್ತು" ಎಂದರೆ ಮೊದಲಿನ ಆರು ಲಕ್ಷದ ಮೇಲೆಯೇ ಐದು ವರ್ಷವೂ ಬಡ್ಡಿ. ಆಗ ಬಡ್ಡಿ ಮೂರು ಲಕ್ಷ, ಕಂತು 15,000. ನಿಜವಾದ ದರ 17ಕ್ಕೂ ಮೇಲೆ. ಎರಡಕ್ಕೂ ಬಾಯಲ್ಲಿ ಹೇಳುವ ಹೆಸರು "ಹತ್ತು" ಎಂದೇ. ಕಂತು ಕಡಿಮೆಯಾಗಲಿ ಎಂದು ಐದನ್ನು ಏಳು ವರ್ಷ ಮಾಡಿದರೆ, ಉಳಿದ ಅಸಲಿನ ಲೆಕ್ಕದಲ್ಲೇ ಕಂತು ಹತ್ತು ಸಾವಿರದೊಳಗೆ ಬರುತ್ತದೆ, ಬಡ್ಡಿ ಎರಡು ಲಕ್ಷ ಮೂವತ್ತೇಳು ಸಾವಿರದ ಹತ್ತಿರ ಹೋಗುತ್ತದೆ. ನಮ್ಮವರಲ್ಲೇ ಹಣ ಕೂಡಿಸಿ ಟ್ಯಾಕ್ಸಿಗೆಂದು ಕಾರು ಕೊಳ್ಳುವವರಿದ್ದಾರೆ. ಅವರಿಗೆ ಈ ವ್ಯತ್ಯಾಸ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಮನುಷ್ಯ ಮಳಿಗೆಯೊಳಗೆ ಇದ್ದರೆ ಎಷ್ಟು ಉಪಕಾರ! ಅವನಿಗೂ ನಷ್ಟವಿಲ್ಲ, ಒಬ್ಬ ಹೋಟೆಲಿನವನಿಗೆ ಸರಿಯಾಗಿ ಮಾರಿದರೆ ಆ ಗಲ್ಲಿಯ ಉಳಿದ ಹೋಟೆಲಿನವರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ.

ಇನ್ನು ಹಳೆಯ ಕಾರಿನ ವ್ಯವಹಾರ. ಶೋರೂಮು ಬೇಡ, ದಲಾಲಿ ಮಾಡೋಣ ಎಂದು ಈ ದಾರಿ ಹಿಡಿಯುವವರು ನಮ್ಮಲ್ಲಿ ಹೆಚ್ಚು. ಬಂಡವಾಳ ಬೇಡ, ಫೋನೊಂದಿದ್ದರೆ ಸಾಕು ಎಂಬ ಭಾವನೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಈ ಹಳೆಯ ಕಾರಿನ ಪೇಟೆಯ ಬಗ್ಗೆಯೇ ಒಂದು ಲೇಖನ ಬರೆದ. 2001ರಲ್ಲಿ ಅವನಿಗೆ ನೊಬೆಲ್ ಸಂದಾಗ ಆ ಲೇಖನವೂ ಕಾರಣವಾಗಿತ್ತು. ಅವನು ಹೇಳಿದ್ದನ್ನು ಈ ಯಾರ್ಡಿನ ಭಾಷೆಯಲ್ಲಿ ಹೇಳುತ್ತೇನೆ. ಚೀಲದ ಮೇಲೆ ಒಳ್ಳೆಯ ಈರುಳ್ಳಿ, ಅಡಿಯಲ್ಲಿ ಕೊಳೆತದ್ದು. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎಲ್ಲ ಚೀಲಕ್ಕೂ ಕಡಿಮೆ ದರ ಕೂಗುತ್ತಾನೆ. ಆ ದರಕ್ಕೆ ಒಳ್ಳೆಯ ಮಾಲಿನವನು ಮಾರಲೊಲ್ಲ, ಮನೆಗೆ ಒಯ್ಯುತ್ತಾನೆ. ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೊಳೆತದ್ದೇ. ಹಾಗಾಗದಿರಲು ಯಾರಾದರೂ ಚೀಲ ಸುರಿದು ತೋರಿಸಬೇಕು. ಹಳೆಯ ಕಾರಿನಲ್ಲಿ ಚೀಲ ಸುರಿಯುವುದೆಂದರೆ ಸರ್ವಿಸಿನ ದಾಖಲೆ, ವಿಮೆಯಲ್ಲಿ ಪರಿಹಾರ ಪಡೆದ ದಾಖಲೆ, ಬಾಕಿ ಚಲನ್, ಸಾಲದ ಬಾಕಿ ಇವನ್ನೆಲ್ಲ ಮೊದಲೇ ಮುಂದಿಡುವುದು. ದಲಾಲಿಗೆ ಸಂಪಾದನೆಯ ಹಕ್ಕಿರುವುದು ಈ ಕೆಲಸಕ್ಕಾಗಿ.

ಅಪಾಯ ಇರುವುದು ಕಾಗದದಲ್ಲಿ. ಮೋಟಾರು ವಾಹನ ಕಾನೂನಿನ 50ನೆಯ ಕಲಮಿನಂತೆ ಕಾರು ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು. ಅದಕ್ಕೆ 29 ಮತ್ತು 30ನೆಯ ನಮೂನೆಗಳು. ಪೇಟೆಯಲ್ಲಿ ನಡೆಯುವುದು ಏನು? ಮಾರುವವನಿಂದ ಖಾಲಿ ನಮೂನೆಗೆ ಸಹಿ ಹಾಕಿಸಿ, ದಲಾಲಿ ಜೇಬಿನಲ್ಲಿಟ್ಟುಕೊಂಡು, ಗಿರಾಕಿ ಸಿಕ್ಕಾಗ ತುಂಬಿಸುತ್ತಾನೆ. ಅಷ್ಟರಲ್ಲಿ ಕಾರು ಮೂರು ಕೈ ದಾಟಿರುತ್ತದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂತಹದೇ ಒಂದು ಮೊಕದ್ದಮೆ ತೀರ್ಮಾನಿಸಿತು. 2007ರಲ್ಲಿ ಒಬ್ಬರು ಕಾರು ಮಾರಿದ್ದರು, ಅದು ಕೈಯಿಂದ ಕೈಗೆ ಹೋಯಿತು, 2009ರಲ್ಲಿ ಅಪಘಾತವಾಯಿತು. ಪುಸ್ತಕದಲ್ಲಿ ಇನ್ನೂ ಮೊದಲಿನವರ ಹೆಸರೇ ಇತ್ತು. ಪರಿಹಾರದ ಹೊಣೆ ಅವರ ಮೇಲೆಯೇ ಬಿತ್ತು. ಕಾರು ಕೊಟ್ಟು ಎರಡು ವರ್ಷವಾದ ಮೇಲೆ! ಹೆಸರು ಯಾರದೋ ಹೊಣೆ ಅವರದು. ದಲಾಲಿ ಮಾಡುವ ತಮ್ಮಂದಿರು "ಸದ್ಯಕ್ಕೆ ನನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ" ಎನ್ನುವಾಗ ಈ ಮಾತು ನೆನಪಿರಲಿ. ಹಾಗೆಯೇ ನಿಮ್ಮ ಯಜಮಾನರೋ ಊರಿನವರೋ ನಿಮ್ಮ ಮೇಲಿನ ನಂಬಿಕೆಯಿಂದ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ, ತುಂಬಿಸಿದ ಕಾಗದ ತಂದು ತೋರಿಸಿದ ಮೇಲೆಯೇ ದಲಾಲಿ ತೆಗೆದುಕೊಳ್ಳಿ.

2023ರ ಏಪ್ರಿಲ್ 1ರಿಂದ ಹಳೆಯ ವಾಹನದ ವ್ಯಾಪಾರಿಗಳಿಗೆ ಹೊಸ ನಿಯಮ ಬಂದಿದೆ. ನೋಂದಾಯಿತ ವಾಹನ ಇಟ್ಟು ವ್ಯಾಪಾರ ಮಾಡುವವನು ಅಧಿಕಾರಪತ್ರ ಪಡೆಯಬೇಕು. ಮಾಲೀಕ ಅವನಿಗೆ ಕಾರು ಒಪ್ಪಿಸಿದ್ದನ್ನು ಆರ್‌ಟಿಓಗೆ ತಿಳಿಸಬೇಕು. ಮಾರುವವರೆಗಿನ ಹೊಣೆ ಅವನದು. ಕಾರು ಎಲ್ಲಿಗೆ ಏಕೆ ಹೋಯಿತೆಂದು ಲೆಕ್ಕ ಇಡಬೇಕು. ಗಂಭೀರವಾಗಿ ಈ ವ್ಯವಹಾರಕ್ಕೆ ಇಳಿಯುವವನು ಅಧಿಕಾರಪತ್ರ ಮಾಡಿಸಿಕೊಂಡೇ ಇಳಿಯಲಿ.

ನಮ್ಮವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಉಡುಪಿ, ಮಂಗಳೂರು, ವಿಜಯಪುರ, ಕಲಬುರ್ಗಿಗಳ ಕೆಎ ನಂಬರಿನ ಕಾರುಗಳು ಪುಣೆಯಲ್ಲಿ ಓಡಾಡುತ್ತವೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇರಿಸಿಕೊಂಡರೆ ಇಲ್ಲಿಯ ನಂಬರು ಪಡೆಯಬೇಕು. ಊರಿನ ಆರ್‌ಟಿಓದಿಂದ 28ನೆಯ ನಮೂನೆಯ ನಿರಾಕ್ಷೇಪಣ ಪತ್ರ, ಬ್ಯಾಂಕಿನ ಒಪ್ಪಿಗೆ, ಇಲ್ಲಿಯ ತೆರಿಗೆ, ಅಲ್ಲಿ ಕಟ್ಟಿದ ತೆರಿಗೆಯ ಉಳಿಕೆಗೆ ಅರ್ಜಿ, ಇಷ್ಟು ಓಡಾಟ. ಎರಡೂ ಕಚೇರಿಯ ಭಾಷೆ ಬಲ್ಲವನು ನಮ್ಮ ಹುಡುಗ. ಕನ್ನಡದ ಕಾಗದ ಓದಬಲ್ಲ, ಮರಾಠಿಯಲ್ಲಿ ಅರ್ಜಿ ಬರೆಯಬಲ್ಲ. ಇದರಲ್ಲಿ ದೊಡ್ಡ ಲಾಭವಿಲ್ಲ, ಆದರೆ ಗುರುತು ಬೆಳೆಯುತ್ತದೆ.

ಪ್ರಾರಂಭ ಎಲ್ಲಿಂದ ಎಂದು ಕೇಳುವವರಿಗೆ ಇಷ್ಟೇ ಹೇಳುತ್ತೇನೆ. ಈಗಿನ ಕೆಲಸ ಬಿಡಬೇಡಿ. ಮೊದಲು ಕಾರು ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿ. ಅದಿಲ್ಲದವನನ್ನು ಯಾರೂ ಒಳಗೆ ಕರೆಯುವುದಿಲ್ಲ, ಅದಿದ್ದರೆ ಮಾರಾಟ ಕೈಹಿಡಿಯದಿದ್ದರೂ ಚಾಲಕನ ಕೆಲಸ ಉಂಟು. ವಾರದ ರಜೆಯಂದು ನಾಲ್ಕು ಮಳಿಗೆಗಳಿಗೆ ಗಿರಾಕಿಯಂತೆ ಹೋಗಿ ಮಾರುವವನು ಹೇಗೆ ಮಾತಾಡುತ್ತಾನೆ ನೋಡಿ. ಕಂತಿನ ಲೆಕ್ಕವನ್ನು ಕಾಗದದ ಮೇಲೆ ಮಾಡಲು ಕಲಿಯಿರಿ. ಸೇರುವುದಾದರೆ ಪಿತೃಪಕ್ಷ ಕಳೆಯಲಿ. ದಸರೆಯ ಮುಂಚೆ ಜನ ಬೇಕಾಗಿರುತ್ತಾರೆ, ಮೊದಲ ತಿಂಗಳು ಬರಿಗೈಯಾಗುವುದಿಲ್ಲ. ಯಜಮಾನರೊಡನೆ ಜಗಳವಾಡಿ ಹೊರಡಬೇಡಿ, ನಿಮ್ಮ ಮೊದಲ ಗಿರಾಕಿ ಅವರೇ ಆಗಬಹುದು.

ನಿಮ್ಮಲ್ಲಿ ಇಬ್ಬರು ಈಗಾಗಲೇ ನೇಮಕಪತ್ರ ಪಡೆದು ಬಂದಿದ್ದಾರೆಂದು ಕಾರ್ಯದರ್ಶಿಗಳು ಹೇಳಿದರು. ಪತ್ರಗಳು ಇಂಗ್ಲಿಷಿನಲ್ಲಿವೆಯಂತೆ. ಮುಂದೆ ತನ್ನಿ, ಎಲ್ಲರೂ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಓದೋಣ. ಹೆಸರು, ಮಳಿಗೆಯ ವಿಳಾಸ ಮುಚ್ಚಿಟ್ಟೇ ಓದುತ್ತೇನೆ.